ತುಟಿಗೆ ಸೂಜಿ ಚುಚ್ಚುವವರನ್ನು ಕೇಳುವವರು ಯಾರು?

ಚಿಕಿತ್ಸಾಲಯಗಳಿಗೆ ಪರವಾನಗಿ ಕೊಡುವ ಮಾನ್ಯರೇ,

ನನ್ನ ತಂಗಿಯ ಮೇಲ್ದುಟಿಯ ಎಡಭಾಗ ಸತ್ತುಹೋಗಿದೆ. ಸೌಂದರ್ಯ ಮಳಿಗೆಯೊಂದರಲ್ಲಿ ಅವಳ ತುಟಿಗೆ ಫಿಲ್ಲರ್, ಅಂದರೆ ತುಟಿ ತುಂಬಿಸುವ ಜೆಲ್, ಚುಚ್ಚಿದಾಕೆ ವೈದ್ಯೆಯಲ್ಲ, ನರ್ಸ್ ಕೂಡ ಅಲ್ಲ. ನಾವು ಕೊಟ್ಟ ದೂರಿಗೆ ಐದು ತಿಂಗಳ ನಂತರ ತಮ್ಮ ಕಚೇರಿಯಿಂದ ಉತ್ತರ ಬಂದಿದೆ: 'ಸದರಿ ಮಳಿಗೆಯು ಕೇಶಾಲಂಕಾರದ ಹೆಸರಿನಲ್ಲಿ ನೋಂದಣಿಯಾಗಿರುವುದರಿಂದ ದೂರು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.' ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಆ ವಾಕ್ಯದಲ್ಲಿ ಒಂದಕ್ಷರವೂ ತಪ್ಪಿಲ್ಲವೆಂದು ಒಪ್ಪುತ್ತೇನೆ. ಆದರೆ ಕೂದಲು ಕತ್ತರಿಸುವ ಅಂಗಡಿಯಲ್ಲಿ ಸೂಜಿ ತುಟಿಯೊಳಗೆ ಇಳಿದರೆ ಅದು ಯಾರ ವ್ಯಾಪ್ತಿ? ತುಟಿಯನ್ನೂ ಕೇಶದ ಲೆಕ್ಕಕ್ಕೆ ಸೇರಿಸಿಕೊಂಡಿರೇನು?

ನನಗೆ ಕಿವಿ ಕೇಳಿಸುವುದಿಲ್ಲ. ಆರನೇ ವಯಸ್ಸಿನಲ್ಲಿ ಬಂದ ಜ್ವರ ಇಳಿಯುವಾಗ ಸದ್ದನ್ನೆಲ್ಲ ಜೊತೆಗೆ ಕರೆದೊಯ್ಯಿತು. ಆಗ ನಾಲ್ಕು ವರ್ಷದ ತಂಗಿ ನನ್ನನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು ಹೋಗಿ, ಎದುರು ಕೂತು, ಒಂದೊಂದೇ ಮಾತನ್ನು ತುಟಿಯಲ್ಲಿ ಬಿಡಿಸಿ ತೋರಿಸುತ್ತಿದ್ದಳು. ತುಟಿಯ ಮೇಲೆ 'ಅಪ್ಪ', 'ಅಮ್ಮ' ಎರಡೂ ಒಂದೇ ತರಹ ಕಾಣುತ್ತವೆ. ಅದಕ್ಕೆ ಅಪ್ಪ ಎನ್ನುವಾಗ ಮೂಗಿನ ಕೆಳಗೆ ಬೆರಳಿಟ್ಟು ಮೀಸೆ ಮಾಡುತ್ತಿದ್ದಳು. ಅಮ್ಮ ಬೈಯುವಾಗಲೂ ಅವಳು ಹಿಂದೆ ನಿಂತು ಅದನ್ನು ನನಗೆ ದಾಟಿಸುತ್ತಿದ್ದಳು, ಅರ್ಧ ಬೈಗುಳ ನುಂಗಿಕೊಂಡು. ಮೂವತ್ತು ವರ್ಷ ಜಗತ್ತು ನನ್ನ ಜೊತೆ ಮಾತಾಡಿದ್ದು ಬಹುಪಾಲು ಆ ಎರಡು ತುಟಿಗಳಿಂದ.

ತಂಗಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಗಿರಾಕಿಗಳ ಮುಖಕ್ಕೆ ಫ್ರೇಮು ಕೂರಿಸಿ ಕನ್ನಡಿ ತೋರಿಸುವಾಗ, ಅವರ ಹೆಗಲ ಮೇಲಿಂದ ತನ್ನ ಮುಖವೂ ಕಾಣುತ್ತದೆ. ದಿನಕ್ಕೆ ಅರವತ್ತು ಸಲ. "ನಕ್ಕರೆ ನನ್ನ ಮೇಲ್ದುಟಿ ಮಾಯವಾಗುತ್ತೆ ಅಕ್ಕ. ಚೂರೇ ಚೂರು ತುಂಬಿಸ್ಕೋತೀನಿ. ಯಾರಿಗೂ ಗೊತ್ತಾಗಲ್ಲ, ನೀನೊಬ್ಬಳೇ ಕಂಡುಹಿಡೀತೀಯ" ಎಂದಳು. ನಾನೇ ಜೊತೆಗೆ ಹೋದೆ. ಮಳಿಗೆಯ ಗಾಜಿನ ಮೇಲೆ 'ಸಹಜ ತುಟಿ, ಅರ್ಧ ಗಂಟೆಯಲ್ಲಿ' ಎಂದು ಬರೆದಿತ್ತು. ಗೋಡೆಯಲ್ಲಿ ಚಿನ್ನದ ಅಂಚಿನ ಮೂರು ಪ್ರಮಾಣಪತ್ರಗಳಿದ್ದವು. ಅವು ಜಡೆ ಹೆಣೆಯುವುದಕ್ಕೆ ಸಿಕ್ಕವು ಎಂಬುದನ್ನು ನಾನು ಆಮೇಲೆ ಓದಿದೆ. ಓದುವುದೇ ಕಸುಬಾಗಿರುವ ನಾನು.

ಮರಗಟ್ಟಿಸುವ ಮುಲಾಮು ಹಚ್ಚಿ, ಬಲಭಾಗ ಮುಗಿಸಿ, ಎಡಕ್ಕೆ ಮೊದಲ ಚುಚ್ಚು ಕೊಟ್ಟಾಗ ತಂಗಿಯ ಕಾಲ್ಬೆರಳುಗಳು ಮಡಚಿಕೊಂಡವು. ಜೋಮು ಹಿಡಿದ ತುಟಿಯಲ್ಲೇ ಏನೋ ಹೇಳಿದಳು. ಬಾಯಿಯ ಬದಿಗೆ ಹತ್ತಿ ತುರುಕಿತ್ತು. ಮಾತು ಆ ಹೆಂಗಸಿಗೂ ಅರ್ಥವಾಗಲಿಲ್ಲವೆಂದು ಕಾಣುತ್ತದೆ, ಏನಂತೆ ಎಂದು ನನ್ನತ್ತ ಹುಬ್ಬು ಹಾರಿಸಿದಳು. ನಾನು ನೋಡಿದ್ದನ್ನು ಹೇಳಿದೆ: "ಬೇಗ ಮುಗಿಸಿ ಅಂತಿದ್ದಾಳೆ."

ತಂಗಿ ಹೇಳಿದ್ದು 'ಬೇಡ'.

ಕನ್ನಡಿಯ ಮುಂದೆ 'ಬೇಗ', 'ಬೇಡ' ಎರಡೂ ಮಾತನ್ನು ಆಡಿ ನೋಡಿ, ಮಾನ್ಯರೇ. ತುಟಿಯ ಮೇಲೆ ವ್ಯತ್ಯಾಸವೇ ಇಲ್ಲ. ಆಕೆ ಬೇಗ ಬೇಗ ಮುಗಿಸಿದಳು. ತುಟಿ ಸುಣ್ಣದ ಹಾಗೆ ಬೆಳ್ಳಗಾಯಿತು. ಸಂಜೆಯ ಹೊತ್ತಿಗೆ ಮೂಗಿನವರೆಗೂ ನೇರಳೆ ಬಲೆ ಹರಡಿತ್ತು. ತಂಗಿಯೇ ಮಳಿಗೆಗೆ ಫೋನು ಮಾಡಿದರೆ "ಊತ ಅಷ್ಟೇ ಮೇಡಂ, ಐಸ್ ಇಡಿ, ಎರಡು ದಿನಕ್ಕೆ ಸರಿಹೋಗುತ್ತೆ" ಎಂಬ ಉತ್ತರ. ಇಟ್ಟೆವು. ಮೂರನೇ ದಿನ ಆಸ್ಪತ್ರೆಗೆ ಹೋದಾಗ ಅಲ್ಲಿನ ವೈದ್ಯೆ, ನನಗೆ ಕಾಣಲೆಂದು ಮಾಸ್ಕ್ ಕೆಳಗಿಳಿಸಿ, ನಿಧಾನವಾಗಿ ಹೇಳಿದರು: "ಜೆಲ್ ರಕ್ತನಾಳದೊಳಗೆ ಹೋಗಿದೆ ಅಮ್ಮ. ಸಹಜವಾಗಿ ಕಾಣಬೇಕು ಅಂದ್ರೆ ಒಂದೇ ಸಲಕ್ಕೆ ತುಂಬಿಸಲ್ಲ. ಸ್ವಲ್ಪ ಹಾಕಿ, ವಾರಗಟ್ಟಲೆ ಬಿಟ್ಟು ನೋಡ್ತೀವಿ. ಬಣ್ಣ ಬದಲಾದ್ರೆ ಅಲ್ಲಿಗೇ ನಿಲ್ಲಿಸಿ ಕರಗಿಸೋ ಔಷಧ ಕೊಡ್ತೀವಿ. ಮೊದಲ ದಿನವೇ ಬಂದಿದ್ರೆ..." ಮುಂದಿನದನ್ನು ಓದಲಾಗದೆ ನಾನು ಬೇರೆಡೆ ನೋಡಿದೆ.

ಸತ್ತ ಭಾಗವನ್ನು ತೆಗೆದರು. ಗಾಯ ಮಾಗುತ್ತಾ ತುಟಿಯನ್ನು ಮೇಲಕ್ಕೆ ಜಗ್ಗಿದೆ. ಈಗ ಎರಡು ತುಟಿಗಳು ಸರಿಯಾಗಿ ಕೂಡುವುದಿಲ್ಲ. ಮನೆಯಲ್ಲಿ ನಾವು ಚೀಟಿಯಲ್ಲಿ ಮಾತಾಡುತ್ತೇವೆ. ಅವಳ ಚೀಟಿಗಳು ದಿನದಿಂದ ದಿನಕ್ಕೆ ಚಿಕ್ಕವಾಗುತ್ತಿವೆ. ಅಂಗಡಿಯಲ್ಲಿ ಅವಳನ್ನು ಹಿಂದಿನ ಕೋಣೆಗೆ, ಗಾಜು ಉಜ್ಜುವ ಕೆಲಸಕ್ಕೆ ಹಾಕಿದ್ದಾರೆ. ತಮ್ಮ ಕಚೇರಿಯ ಗುಮಾಸ್ತರಂತೂ ಅವಳ ಮುಖ ನೋಡಿ, "ಇದೆಲ್ಲ ಬೇಕಿತ್ತಾ? ಇದ್ದ ತುಟಿಗೆ ಏನಾಗಿತ್ತು?" ಎಂದರು. ಅವರ ಮೀಸೆಗೆ ಕಪ್ಪು ಬಣ್ಣ ಹಚ್ಚಿತ್ತು. ನಾವು ಅದರ ಬಗ್ಗೆ ಏನೂ ಕೇಳಲಿಲ್ಲ. ಚೆನ್ನಾಗಿ ಕಾಣಬೇಕೆಂಬ ಆಸೆ ಯಾವ ಕಾನೂನಿನಲ್ಲಿ ಅಪರಾಧ? ಅಪರಾಧವೇ ಆದರೆ ಅದಕ್ಕೆ ಶಿಕ್ಷೆ ಕೊಡುವ ಕೆಲಸವನ್ನು ಆ ಮಳಿಗೆಗೆ ವಹಿಸಿದ್ದು ಯಾರು?

ನನ್ನ ತಪ್ಪನ್ನು ಮುಚ್ಚಿಡುವುದಿಲ್ಲ. ತಿಂಗಳುಗಟ್ಟಲೆ ಒದ್ದಾಡಿ, ಕೊನೆಗೊಂದು ದಿನ ತಂಗಿಗೆ ಬರೆದು ಕೇಳಿದೆ: ನಾನು 'ಬೇಗ' ಅಂದದ್ದು ನಿನಗೆ ಕೇಳಿಸಿತ್ತಾ? ಅವಳು ಚೀಟಿ ಮಗುಚಿದಳು. ಹಿಂಬದಿಯಲ್ಲಿ ಬರೆದಳು: "ಕೇಳಿಸ್ತು. ಕೈ ಎತ್ತಿ ತಡೀಬಹುದಿತ್ತು. ಆದ್ರೆ ಅವಳ ಮುಂದೆ ನೀನು ತಪ್ಪು ಹೇಳಿದೆ ಅಂತ ತೋರಿಸೋಕೆ ಮನಸ್ಸು ಬರಲಿಲ್ಲ ಅಕ್ಕ."

ಈ ಭಾರವನ್ನು ನಾನು ಹೊರುತ್ತೇನೆ. ತಮ್ಮ ಪಾಲಿನದನ್ನು ತಾವು ಹೊರಬೇಕು. ವ್ಯಾಪ್ತಿಯ ಆ ಪತ್ರವನ್ನು ಹಿಂಪಡೆಯಿರಿ. ತರಬೇತಿ ಪಡೆದ ವೈದ್ಯರಿಲ್ಲದ, ಕರಗಿಸುವ ಔಷಧವಿಲ್ಲದ ಯಾವ ಕೋಣೆಯಲ್ಲೂ ಯಾರ ತುಟಿಗೂ ಸೂಜಿ ತಾಗಕೂಡದೆಂದು ಆದೇಶ ಹೊರಡಿಸಿ. ಆ ಮಳಿಗೆ ಇಂದಿಗೂ ತೆರೆದಿದೆ. ನಿನ್ನೆ ಕೆಲಸ ಮುಗಿಸಿ ಬರುವಾಗ ಕಂಡೆ: ಕುರ್ಚಿಯಲ್ಲಿ ಒಬ್ಬ ಹುಡುಗಿ ತಲೆಯೊರಗಿಸಿ ಕೂತಿದ್ದಳು, ಗೆಳತಿಯೋ ಅಕ್ಕನೋ ಪಕ್ಕದಲ್ಲಿ ಕೈ ಹಿಡಿದು ನಿಂತಿದ್ದಳು. ನಾನು ಗಾಜನ್ನು ಬಡಿದೆ, ಅಂಗೈ ಕೆಂಪಾಗುವವರೆಗೆ ಬಡಿದೆ. ಒಳಗಿನಾಕೆ ನನ್ನನ್ನು ನೋಡಿ ಪರದೆ ಎಳೆದಳು.

ನನ್ನ ಕೈಯಿಂದ ಆ ಬಾಗಿಲು ತೆರೆಯಲಿಲ್ಲ. ತಾವು ಹೋಗಿ, ತೆರೆಸಿ.

ಇಂತಿ,
ತಮ್ಮ ಕಡತದಲ್ಲಿ 'ದೂರುದಾರರ ಜೊತೆ ಬಂದವರು' ಎಂದಷ್ಟೇ ದಾಖಲಾಗಿರುವವಳು