ಬಿಳಿ ಬಟ್ಟೆಗೆ ಅಂಟದ ಹೊಗೆ

ರಾಯಚೂರು, ಗಿಡಡೀಸೆಲ್ ಶಕೆ ೧೧೬, ಎರಡನೇ ವೈಶಾಖದ ಮೂವತ್ತನಾಲ್ಕು

ನಮಗಿಂತ ಮುಂಚೆ ಬದುಕಿದವರೇ,

ಈ ತಾರೀಖು ನಿಮಗೆ ತಪ್ಪೆನಿಸಬಹುದು. ಬೇಸಿಗೆ ಉದ್ದವಾದಾಗ ನಾವು ತಿಂಗಳುಗಳನ್ನೂ ಉದ್ದ ಮಾಡಿಕೊಂಡೆವು. ನನ್ನ ಕೆಲವು ಪದಗಳೂ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಾನು ಶಾಲೆಯಲ್ಲಿ ಕಲಿತದ್ದು ಕಡಿಮೆ, ಕರಪತ್ರ ಓದಿ ಕಲಿತದ್ದೇ ಹೆಚ್ಚು.

ಗಿಡಡೀಸೆಲ್ ಎಂದರೆ ಹೊಂಗೆ ಎಣ್ಣೆಯನ್ನೂ ಮಿರ್ಚಿ ಕರಿದು ಉಳಿದ ಎಣ್ಣೆಯನ್ನೂ ಜಲಜನಕದೊಂದಿಗೆ ಕಾಯಿಸಿ ಮಾಡುವ ಇಂಧನ. ನಮ್ಮ ಗಾಡಿಗಳೆಲ್ಲ ಅದರಲ್ಲೇ ಓಡುತ್ತವೆ. ಮುಚ್ಚುಬೀದಿ ಎಂದರೆ ಬಿಸಿಲಿಗೆ ಹೆದರಿ ಈ ತುದಿಯಿಂದ ಆ ತುದಿಯವರೆಗೆ ಚಾವಣಿ ಹೊದಿಸಿದ ಬೀದಿ. ಅಂಗಡಿ, ಶಾಲೆ, ಬಾಣಂತಿಯ ಕೋಣೆ ಎಲ್ಲ ಅದರೊಳಗೇ ಇವೆ, ಗಾಡಿಗಳು ಓಡಾಡುವುದೂ ಅದರೊಳಗೇ. ಹೊಗೆಯ ಭಯ ಯಾರಿಗೂ ಇಲ್ಲ. ಆಯುಧಪೂಜೆಯ ದಿನ ಪ್ರತಿ ಗಾಡಿಯ ಹೊಗೆಕೊಳವೆಯ ಮುಂದೆ ಒಗೆದ ಬಿಳಿ ಬಟ್ಟೆ ಹಿಡಿದು ಎಂಜಿನ್ ಓಡಿಸುತ್ತಾರೆ. ಮಸಿ ಅಂಟದಿದ್ದರೆ ಗಾಡಿಗೆ ಕುಂಕುಮ ಹಚ್ಚಿ, ಶುದ್ಧವೆಂದು ಸಾರಿ, ಬೀದಿಯೊಳಗೆ ಬಿಡುತ್ತಾರೆ. ಈ ಪದ್ಧತಿ ಶುರುವಾದದ್ದು ನಿಮ್ಮ ಕಾಲದಲ್ಲಂತೆ.

ಮಸಿ ಕಡಿಮೆ ಎಂಬುದು ನಿಜ. ನೆಲದಿಂದ ತೆಗೆದ ಎಣ್ಣೆಗಿಂತ ಇದು ಎಷ್ಟೋ ವಾಸಿ, ನಾನು ಅಲ್ಲಗಳೆಯುವುದಿಲ್ಲ. ಆದರೆ ಎಂಜಿನ್ನಿನ ಬೆಂಕಿ ಎಣ್ಣೆಯ ಕುಲ ಕೇಳುವುದಿಲ್ಲ. ಅದರ ಕಾವಿಗೆ ಗಾಳಿಯಲ್ಲೇ ಇರುವ ಸಾರಜನಕ ಆಮ್ಲಜನಕದ ಜೊತೆ ಸೇರಿ ಬೇರೆಯೇ ಅನಿಲವಾಗುತ್ತದೆ. ಅದು ಬಟ್ಟೆಗೆ ಅಂಟುವುದಿಲ್ಲ, ಎದೆಗೆ ಇಳಿಯುತ್ತದೆ. ಬಯಲಾಗಿದ್ದರೆ ಗಾಳಿ ಒಯ್ದೀತು. ಚಾವಣಿಯ ಕೆಳಗೆ ಅದು ಎಲ್ಲಿಗೆ ಹೋಗಬೇಕು?

ನನ್ನನ್ನು ಸಾಕಿದ ಚಿಗವ್ವ, ನನ್ನ ಅವ್ವನ ತಂಗಿ ಹುಲಿಗೆವ್ವ, ಈ ಬೀದಿಯ ನಡುವೆ ಮಂಡಕ್ಕಿ ಮಾರುತ್ತಾಳೆ. ಈಗೀಗ ಗಿರಾಕಿಗೆ ಬೆಲೆ ಹೇಳುವುದಕ್ಕೂ ಅವಳು ನಿಂತು ಉಸಿರೆಳೆದುಕೊಳ್ಳಬೇಕು. ಗಾಡಿಗಳನ್ನು ಬೀದಿಯ ಹೊರಗೇ ನಿಲ್ಲಿಸಿ, ಸರಕನ್ನು ತಳ್ಳುಗಾಡಿಯಲ್ಲಿ ತರೋಣ ಎಂದು ನಿನ್ನೆ ಬೀದಿಸಭೆಯಲ್ಲಿ ಕೇಳಿದೆ. ಸಭೆಯ ಹಿರಿಯ ಶರಭಣ್ಣ ಹೋದ ಆಯುಧಪೂಜೆಯ ಬಟ್ಟೆ ಎತ್ತಿ ಹಿಡಿದರು. “ಇದ್ರಾಗ ಮಸಿ ಎಲ್ಲೈತಿ ತೋರ್ಸವಾ. ನನ್ನ ಧೋತ್ರನೂ ಇಷ್ಟು ಬೆಳ್ಳಗಿಲ್ಲ!” ಸಭೆಯೆಲ್ಲ ನಕ್ಕಿತು.

“ಕಾಣೂದಿಲ್ಲ ಅಂದ್ರ ಇಲ್ಲೇ ಇಲ್ಲ ಅಂದಂಗೇನ್ರಿ ಕಾಕಾ?” ಎಂದೆ.

“ಕಾಣದ್ದು ಕಂಡಾಕಿ ಊರಾಗ ನೀ ಒಬ್ಬಾಕಿನ ನೋಡು,” ಎಂದು ಹಿಂದಿನಿಂದ ಯಾರೋ ಕೂಗಿದರು.

ನಾನು ಚಿಗವ್ವನ ಕಡೆ ಕೈ ತೋರಿಸಿ, ಇವಳ ಉಸಿರು ಕೇಳಿ ಎಂದೆ. ಅವಳು ಎದ್ದು ನಿಂತಳು, ಆದರೆ ನನ್ನ ಪರವಾಗಿ ಅಲ್ಲ.

“ನನ್ನ ದಮ್ಮಿಗೆ ಗಾಡಿ ಏನ್ ಮಾಡ್ಯಾವು? ನಮ್ಮವ್ವ ಬಡದಾಡಿ ಈ ಬೀದಿ ಕರಿ ಹೊಗಿ ಓಡ್ಸ್ಯಾಳ. ಅಕಿ ತಂದ ಗಿಡಡೀಸೆಲ್ಲಿಗೆ ಕೆಟ್ಟ ಹೆಸರ ತರಬ್ಯಾಡ. ಕುಂದ್ರು, ರತ್ನಿ.”

ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ಅವಳು ಕಂಬ ಹಿಡಿದುಕೊಳ್ಳಬೇಕಾಯಿತು. ಎಲ್ಲರೂ ಅದನ್ನು ನೋಡಿದರು. ನೋಡಿಯೂ ಗಾಡಿಗಳ ಪರ ಕೈ ಎತ್ತಿದರು. ಅವಳೂ ಎತ್ತಿದಳು.

ನನ್ನ ಸಿಟ್ಟು ಅವಳ ಮೇಲಲ್ಲ, ನಿಮ್ಮ ಮೇಲೆ. ಹೊಗೆಯಲ್ಲಿ ಏನೇನಿದೆ ಎಂದು ಅಳೆಯುವ ಯಂತ್ರಗಳು ನಿಮ್ಮಲ್ಲಿದ್ದವು ಎಂದು ಓದಿದ್ದೇನೆ. ಅವಿದ್ದೂ ನಮಗೆ ಬಟ್ಟೆಯನ್ನೇಕೆ ಬಿಟ್ಟುಹೋದಿರಿ? ಗಿಡದ ಎಣ್ಣೆಯನ್ನು ಕೈಬಿಡಿ ಎಂದು ಕೇಳುತ್ತಿಲ್ಲ. ಕಡಿಮೆ ಕೆಟ್ಟದ್ದನ್ನು ಶುದ್ಧ ಎಂದು ಕರೆಯಬೇಡಿ, ಅಷ್ಟೇ. ನೀವು ಹಾಗೆ ಕರೆದರೆ ನಿಮ್ಮ ಮಕ್ಕಳು ನಂಬುತ್ತಾರೆ, ಮೊಮ್ಮಕ್ಕಳು ಪೂಜಿಸುತ್ತಾರೆ. ಆಮೇಲೆ ಪ್ರಶ್ನೆ ಕೇಳಿದವಳು ಮನೆತನದ ಮಾನ ಕಳೆದವಳಾಗುತ್ತಾಳೆ.

ನಾಳೆ ಚಿಗವ್ವ ಅಂಗಡಿ ತೆರೆಯುವ ಮೊದಲೇ ನಾನು ಹೋಗಿ ಬೀದಿಯ ಬಾಯಿಗೆ ಅಡ್ಡ ಕೂರುತ್ತೇನೆ. ಗಾಡಿಯವರಿಗಿಂತ ಮುಂಚೆ ಅವಳೇ ಬಂದು ಬೈಯುತ್ತಾಳೆ. ಬೈಯಲಿ. ಉಸಿರು ಕಟ್ಟದೆ ಎಷ್ಟು ಹೊತ್ತು ಬೈಯಲು ಅವಳಿಂದಾಗುತ್ತದೋ, ಬೀದಿಯವರೆಲ್ಲ ನಿಂತು ಕೇಳಲಿ.

ರತ್ನಕಲಾ