ಲಕ್ಷ್ಮಿ ವೇಷಕ್ಕೆ ಗಂಡನ ಕಾಗದ

ಬನಹಟ್ಟಿ
ಸೋಮವಾರ, ೫ ಅಕ್ಟೋಬರ್ ೧೯೮೭

ಲೋಕಾಪುರದಲ್ಲಿರುವ ಗಂಗಾರಾಮ ಅವರಿಗೆ ಸುಂದರವ್ವ ಮಾಡುವ ನಮಸ್ಕಾರ. ನಾನು, ನಿಮ್ಮ ಮಗಳು ಮಾದೇವಿ, ನಿಮ್ಮ ತಾಯಿ ಬೋರವ್ವ ಮೂವರೂ ಇಲ್ಲಿ ಕ್ಷೇಮ. ನಿಮ್ಮ ಕ್ಷೇಮವನ್ನು ಈ ಪತ್ರ ಓದಿ ಮುಗಿಸಿದ ಮೇಲೆ ತಿಳಿಸಿ. ಈಗಲೇ ತಿಳಿಸಿದರೆ ಸುಳ್ಳಾಗುತ್ತದೆ.

ಮದುವೆಯಾದ ಹದಿನೆಂಟು ವರ್ಷದಲ್ಲಿ ನಿಮ್ಮ ಹೆಸರು ಹಿಡಿದು ಬರೆದದ್ದು ಇದೇ ಮೊದಲು. ಇಷ್ಟು ದಿನ ‘ಮಾದೇವಿಯ ಅಪ್ಪ’ ಎಂದು ಬರೆಯುತ್ತಿದ್ದೆ. ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನವ್ವ ಹೇಳಿಕೊಟ್ಟಿದ್ದಳು. ನೋಡೋಣ.

ಮೊದಲು ನಿಮ್ಮ ಮಾತಿಗೆ ಉತ್ತರ. ಮಾದೇವಿಯನ್ನು ಕಾಶಪ್ಪನಿಗೆ ಕೊಡುವುದಿಲ್ಲ. ಕಟ್ಟಿಕೊಂಡವಳನ್ನು ಹೊಡೆದು ತವರಿಗೆ ಓಡಿಸಿದ ಮೂವತ್ತೆರಡು ವರ್ಷದ ಗಂಡಸು ಅವನು. ನಿಮ್ಮ ಲಗಮವ್ವನ ತಮ್ಮ ಎಂಬುದೊಂದೇ ಅವನ ಯೋಗ್ಯತೆ. ಹದಿನೇಳರ ಹುಡುಗಿಯನ್ನು ಅಂಥವನ ಕೈಗೆ ಕೊಡುವುದಕ್ಕೆ ನಾನೇನು ಕಣ್ಣಿದ್ದೂ ಕುರುಡಿಯೇ? ದೀಪಾವಳಿ ಪಾಡ್ಯಕ್ಕೆ ನಿಶ್ಚಯ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೀರಂತೆ. ಹೇಳಿದ ಬಾಯಿಂದಲೇ ಇಲ್ಲ ಎಂದು ಹೇಳಿಕೊಂಡು ಬನ್ನಿ. ಹುಡುಗಿ ಜಮಖಂಡಿ ಕಾಲೇಜಿಗೆ ಹೋಗುತ್ತಿದ್ದಾಳೆ, ಹೋಗುತ್ತಲೇ ಇರುತ್ತಾಳೆ.

ಶ್ರಾವಣದಲ್ಲಿ ನೀನೇ ಒಪ್ಪಿ ಬರೆದಿದ್ದೆಯಲ್ಲ ಎನ್ನುತ್ತೀರಿ. ಹೌದು, ಬರೆದಿದ್ದೆ. ಸುಳ್ಳು ಬರೆದಿದ್ದೆ. ಲಕ್ಷ್ಮಿಯ ವೇಷ ಹಾಕುವ ಕೈಯಿಂದಲೇ ಸುಳ್ಳು ಬರೆದೆ, ಆ ರಾತ್ರಿ ನಿದ್ದೆಯೂ ಛಲೋ ಬಂತು.

ಬರುವ ವರ್ಷ ನನ್ನ ಕಾಗದವಿಲ್ಲದೆ ತೋಟದ ಕಮಲದ ಮೇಲೆ ಹೇಗೆ ನಿಲ್ಲುತ್ತೀ, ಉಪವಾಸ ಸಾಯುತ್ತೀ ಎಂದು ಈಗ ನೀವು ಹಲ್ಲು ಕಡಿಯುತ್ತಿರಬಹುದು. ಅದಕ್ಕೇ ಬರೆಯುತ್ತಿದ್ದೇನೆ, ಕೂತು ಓದಿ.

ನೀವು ಲಗಮವ್ವನಿಗೆ ತಾಳಿ ಕಟ್ಟಿ ಲೋಕಾಪುರ ಸೇರಿದ ಮರುವರ್ಷ ಅನಂತಪ್ಪ ಸಾಹುಕಾರರು ಹೊಳೆಯ ಕಡೆಯ ಹೊಲದಲ್ಲಿ ಪುರಾಣದ ತೋಟ ಮಾಡಿದರು. ಸೀರೆ ವ್ಯಾಪಾರದವರು, ಬಣ್ಣಬಣ್ಣದ್ದು ಕಂಡರೆ ಪ್ರಾಣ. ಗದೆ ಹಿಡಿದ ಭೀಮ, ಬಾಲದ ಹನುಮಂತ, ಕೊಳದ ನಡುವೆ ಸಿಮೆಂಟಿನ ಕಮಲ, ಅದರ ಮೇಲೆ ನಾನು. ಎರಡು ಕೈ ನನ್ನವು, ಎರಡು ಕಟ್ಟಿಗೆಯವು, ಬೆನ್ನಿಗೆ ಬಿಗಿದು ಕಟ್ಟುತ್ತಿದ್ದರು. ಸಂಜೆ ಬಿಚ್ಚಿದಾಗ ಪಕ್ಕೆಲುಬಿನ ಮೇಲೆ ಪಟ್ಟಿಯ ಬರೆ ಕೆಂಪಗೆ ಮೂಡಿರುತ್ತಿತ್ತು. ಮಗ್ಗದ ಮನೆಯಲ್ಲಿ ಹುಟ್ಟಿದವಳಿಗೆ ಬೆನ್ನುನೋವು ಹೊಸದಲ್ಲ ಎಂದು ಸುಮ್ಮನಿದ್ದೆ.

ಆ ತೋಟಕ್ಕೆ ಸಾಹುಕಾರರು ನಿಯಮ ಬರೆದು ಕಚೇರಿಯ ಗೋಡೆಗೆ ಅಂಟಿಸಿದ್ದರು. ಚಪ್ಪಲಿ ಹಾಕಬಾರದು, ಬಿಸಿಲಿಗೆ ಸಿಮೆಂಟು ಕಾದು ಕಾಲು ಸುಟ್ಟರೂ ಸರಿ. ಹನುಮಂತನಾದ ಸಾಬಣ್ಣ ಮುಖವಾಡ ತೆಗೆಯಬಾರದು. ಭೀಮನಾದ ಹಾಲಸಿದ್ದಪ್ಪನಿಗೆ ಸ್ವಂತ ಮೀಸೆ ಇದ್ದರೂ ಅದು ಸಣ್ಣದೆಂದು ಬೋಳಿಸಿ, ದೊಡ್ಡದೊಂದನ್ನು ಅಂಟಿಸಬೇಕು. ನನ್ನ ಕೈಯ ಹಚ್ಚೆಗೆ ಸಫೇದಾ ಬಣ್ಣ ಬಳಿದು ಮುಚ್ಚಬೇಕು. ಎಲ್ಲಕ್ಕಿಂತ ದೊಡ್ಡದು ಕೊನೆಯದು: ಬಂದ ಹೆಣ್ಣುಮಕ್ಕಳು ಲಕ್ಷ್ಮಿಗೆ ಉಡಿ ತುಂಬುತ್ತಾರೆ, ಆದ್ದರಿಂದ ಲಕ್ಷ್ಮಿ ಮುತ್ತೈದೆಯೇ ಆಗಿರಬೇಕು. ಕೊರಳಲ್ಲಿ ತನ್ನದೇ ತಾಳಿ, ಹಣೆಯಲ್ಲಿ ತನ್ನದೇ ಕುಂಕುಮ, ಮತ್ತು ಗಂಡ ಬದುಕಿದ್ದಾನೆ ಎಂದು ಅವನದೇ ಕೈಯ ಕಾಗದ. ವರ್ಷಕ್ಕೊಮ್ಮೆ, ಮಹಾನವಮಿ ಅಮಾವಾಸ್ಯೆಯ ಒಳಗೆ. ಗಂಡ ಜೊತೆಗಿರಬೇಕು ಎಂದು ಎಲ್ಲೂ ಇರಲಿಲ್ಲ. ಬದುಕಿದ್ದರೆ ಸಾಕಿತ್ತು.

ನೀವು ಬದುಕಿದ್ದಿರಿ. ಬದುಕಿದ್ದಕ್ಕೆ ವರ್ಷಕ್ಕೊಂದು ಕಿತ್ತುಕೊಂಡಿರಿ.

ಮೊದಲ ವರ್ಷ ಕಂಡಕ್ಟರನ ಖಾಕಿ ಅಂಗಿ, ಬಿಲ್ಲೆ ಹಾಕಿಕೊಂಡು ಕಚೇರಿಗೆ ಬಂದು ಎದೆ ಉಬ್ಬಿಸಿ ನಿಂತಿರಿ. ನಾನೇ ನಿಮ್ಮನ್ನು ಮನೆಯಿಂದ ಹೊರಗೆ ಹಾಕಿದೆ ಎಂದು ಓಣಿಯ ಹಿರಿಯರ ಮುಂದೆ ಹೇಳಿಸಿ, ಆಮೇಲೆ ಸಹಿ ಮಾಡಿದಿರಿ. ಎರಡನೇ ವರ್ಷ ನನ್ನಪ್ಪ ಕೊಟ್ಟ ಮಗ್ಗ ಬಿಚ್ಚಿಸಿ ಕಾಶಪ್ಪನಿಗೆ ಒಯ್ದಿರಿ. ಅವನು ಅದರ ಮೇಲೆ ಒಂದು ಸೆರಗೂ ನೇಯದೆ ಕಟ್ಟಿಗೆಯ ಭಾವಕ್ಕೆ ಮಾರಿದ. ಮೂರನೇ ವರ್ಷ ನಿಮ್ಮ ತಾಯಿಯನ್ನು ತಂದು ನನ್ನ ಬಾಗಿಲಲ್ಲಿ ಇಳಿಸಿದಿರಿ, ಬಸ್ಸಿನಿಂದ ಯಾರೋ ಮರೆತ ಗಂಟು ಇಳಿಸಿದ ಹಾಗೆ. ನಾಲ್ಕನೇ ವರ್ಷ ನಿಮ್ಮ ತಮ್ಮನ ಮದುವೆಗೆ ನಾನು ಬರಬಾರದು ಎಂದಿರಿ. ಲಗಮವ್ವ ಹಿರಿಯ ಸೊಸೆಯಾಗಿ ಆರತಿ ಹಿಡಿದಳಂತೆ. ಆ ದಿನ ನಾನು ಕಮಲದ ಮೇಲೆ ನಿಂತು ನೂರು ಹೆಂಗಸರ ಹತ್ತಿರ ಉಡಿ ತುಂಬಿಸಿಕೊಂಡೆ. ಕಟ್ಟಿಗೆಯ ಕೈ ಎರಡೂ ಆಶೀರ್ವಾದ ಮಾಡುತ್ತಿದ್ದವು, ನನ್ನ ಕೈ ಎರಡೂ ಉಡಿಯ ಸೆರಗನ್ನು ಬಿಗಿಯಾಗಿ ಹಿಡಿದಿದ್ದವು.

ಐದನೇ ವರ್ಷ ನೀವು ಮಾದೇವಿಯನ್ನು ಕೇಳಿದಿರಿ. ಮಗ್ಗ ಕೇಳಿದಷ್ಟೇ ಹಗುರಾಗಿ ಕೇಳಿದಿರಿ.

ನಿಮಗೆ ಗೊತ್ತಿಲ್ಲದ್ದು ಈಗ ಕೇಳಿ. ಮಾಘದಲ್ಲಿ ಸಾಹುಕಾರರು ತೀರಿಕೊಂಡರು. ದಿನಗಳು ಮುಗಿದ ಮೇಲೆ ಅವರ ಹೆಂಡತಿ ಪದ್ಮವ್ವನವರು ತೋಟ ನೋಡಿಕೊಳ್ಳಲು ಬಂದು ಖುರ್ಚಿಯ ಮೇಲೆ ಕೂತರು. ಗೋಡೆಯ ಮೇಲಿನ ನಿಯಮ ಓದಿಸಿ ಕೇಳಿದರು. ಕೊನೆಯದಕ್ಕೆ ಬಂದಾಗ ಕಾರಕೂನ ತಡವರಿಸಿದನಂತೆ. “ಹಂಗಾರ ನನ್ನ ಗಂಡ ಮಾಡಿಸಿದ ಕಮಲದ ಮ್ಯಾಲೆ ನಾನs ಕಾಲಿಡಾಕ ಬರೂದಿಲ್ಲ ಅಂದಂಗಾತು” ಎಂದರಂತೆ. ಆಮೇಲೆ ಒಬ್ಬೊಬ್ಬರನ್ನೇ ಕರೆಸಿದರು. ಸಾಬಣ್ಣ ಮುಖವಾಡದೊಳಗಿನ ಬೆವರುಗುಳ್ಳೆ ತೋರಿಸಿದ. ನಾನು ಪಕ್ಕೆಲುಬಿನ ಬರೆ ತೋರಿಸಿದೆ. ನಿಮ್ಮ ಕಾಗದದ ಕಥೆ ಕೇಳಿದಾಗ ಅವರು ಆ ನಾಲ್ಕೂ ಕಾಗದ ತೆಗೆಸಿ ಓದಿಸಿದರು. ಕೊನೆಗೆ, “ಸತ್ತ ಗಂಡನಿಂದ ನನಗಿಷ್ಟು ತ್ರಾಸ ಆಗಿಲ್ಲ ಬಿಡವಾ” ಎಂದರು.

ಬಸವ ಜಯಂತಿಯ ದಿನ ಹಳೆಯ ಹಾಳೆ ಹರಿದು ಹೊಸದನ್ನು ಅಂಟಿಸಿದರು. ಕೊಳದ ದಂಡೆಯವರೆಗೆ ಚಪ್ಪಲಿ ಹಾಕಬಹುದು. ಮಧ್ಯಾಹ್ನ ಕಟ್ಟಿಗೆಯ ಕೈ ಬಿಚ್ಚಿ ನೆರಳಿಗೆ ಕೂಡಬಹುದು, ಲಕ್ಷ್ಮಿ ಎರಡೇ ಕೈಯಿಂದ ರೊಟ್ಟಿ ಉಣ್ಣುವುದನ್ನು ಮಕ್ಕಳು ನೋಡಿದರೆ ನೋಡಲಿ. ಭೀಮನ ಮೀಸೆ ಭೀಮನಿಗೇ ಬಿಟ್ಟದ್ದು. ಹಾಲಸಿದ್ದಪ್ಪ ಈಗ ಅದಕ್ಕೆ ದಿನಾ ಎಣ್ಣೆ ಹಚ್ಚಿ ತಿರುವುತ್ತಾನೆ. ಲಕ್ಷ್ಮಿಯಾಗುವವಳಿಗೆ ಗಂಡ ಇದ್ದಾನೋ ಇಲ್ಲವೋ, ಬಿಟ್ಟನೋ ಸತ್ತನೋ, ಯಾರೂ ಕೇಳುವ ಹಾಗಿಲ್ಲ. ಕಾಗದ ಬೇಕಾಗಿಲ್ಲ. ಮೊದಮೊದಲು ನಾಲ್ಕು ಜನ ಮೂಗು ಮುರಿದರು. ಈ ದಸರೆಯಲ್ಲಿ ಉಡಿಯ ಖಣ ಇಡಲು ಜಾಗ ಸಾಲಲಿಲ್ಲ.

ಹಚ್ಚೆ ಮುಚ್ಚುವ ನಿಯಮವನ್ನೂ ತೆಗೆದರು. ನಾನು ಮಾತ್ರ ಈಗಲೂ ಎಡಗೈಗೆ ಸಫೇದಾ ಬಳಿದುಕೊಳ್ಳುತ್ತೇನೆ. ಅಲ್ಲಿ ನಿಮ್ಮ ಹೆಸರಿದೆ.

ಈಗ ತಿಳಿಯಿತೇ? ನೀವು ಬದುಕಿರುವುದು ಮೇ ತಿಂಗಳಿಂದ ನನಗೆ ಬೇಕಾಗಿಲ್ಲ. ನೀವು ಶ್ರಾವಣ ಹಿಡಿಯುತ್ತಲೇ ಬಂದು ಮೀಸೆ ತಿರುವುತ್ತ ಮಾದೇವಿಯನ್ನು ಕೇಳಿದಾಗ ನಿಮ್ಮ ಕೈಯಲ್ಲಿ ಏನೂ ಇರಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು, ನಾವು ಮೂವರೂ ಹೆಂಗಸರು ಕಣ್ಣು ತೆರೆದುಕೊಂಡು ನೋಡುತ್ತಿದ್ದೆವು. ನೀವು ಹೋದ ಮೇಲೆ ನನಗೆ ನಗು ತಡೆಯಲಾಗಲಿಲ್ಲ. ನಿಮ್ಮ ತಾಯಿ ಮಾತ್ರ ಅತ್ತರು. “ನನ್ನ ಹೊಟ್ಟ್ಯಾಗ ಹುಟ್ಟಿದಾಂವ ಮಗಳನ್ನ ಮಾರಾಕ ನಿಂತಾನಲ್ಲs ಸುಂದರಿ” ಎಂದು, ಮಂದಿಯ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವುದನ್ನು ಬಿಟ್ಟು ಅತ್ತರು. ಕಣ್ಣು ಒರೆಸಿಕೊಂಡ ಮೇಲೆ ಅವರು ಆಡಿದ ಇನ್ನೊಂದು ಮಾತನ್ನು ಕೊನೆಗೆ ಬರೆಯುತ್ತೇನೆ.

ನಿಮ್ಮ ಮೇಲೆ ನನಗೆ ಪ್ರೀತಿ ಇರಲಿಲ್ಲವೆಂದಲ್ಲ. ಇತ್ತು. ಹೊಸದಾಗಿ ಕಂಡಕ್ಟರ್ ಆದಾಗ ಬನಹಟ್ಟಿ ನಿಲ್ದಾಣದಲ್ಲಿ ಬಸ್ಸು ತಿರುಗುವಾಗ ಮೂರು ಸಲ ಸೀಟಿ ಊದುತ್ತಿದ್ದಿರಿ, ಓಣಿಯವರೆಗೂ ಕೇಳುತ್ತಿತ್ತು. ನಾನು ಮಗ್ಗ ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ. ಇದನ್ನು ಬರೆಯಬಾರದೆಂದಿದ್ದೆ, ಬರೆದುಬಿಟ್ಟೆ, ಹೊಡೆದುಹಾಕುವುದಿಲ್ಲ. ಏನನ್ನು ಕಳೆದುಕೊಂಡಿರಿ ಎಂದು ನಿಮಗೂ ಗೊತ್ತಿರಲಿ.

ದಸರೆಯ ಬನ್ನಿ ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಬನ್ನಿ ತೆಗೆದುಕೊಂಡು ಬಂಗಾರದ ಹಾಗೆ ಇರಿ. ಲಗಮವ್ವನಿಗೂ ಎರಡು ಎಲೆ ಕೊಡಿ. ಮುಂದಿನದನ್ನು ಅವಳ ಮುಂದೆ ಜೋರಾಗಿ ಓದಬೇಡಿ.

ಇಂತಿ,
ನಿಮ್ಮದೇ ಕೈಬರಹದ ಪ್ರಕಾರ
ನಿಮ್ಮ ಒಬ್ಬಳೇ ಧರ್ಮಪತ್ನಿ,
ಸುಂದರವ್ವ

ತಾ.ಕ.: ಕಾಗದ ಬೇಡವಾದ ಮೇಲೂ ಈ ವರ್ಷ ಏಕೆ ಬರೆಸಿಕೊಂಡೆ ಎಂದು ನೀವು ಇನ್ನೂ ಕೇಳಲಿಲ್ಲ. ನಿಯಮ ಬಿಗಿಯಾಗಿದೆ, ಹೀಗೆ ಹೀಗೆ ಬರೆಯಬೇಕು ಎಂದು ನಾನು ಹೇಳಿದ್ದನ್ನು ನೀವು ಅಕ್ಷರ ಬಿಡದೆ ಬರೆದುಕೊಟ್ಟಿರಿ: “ಸುಂದರವ್ವ ನನ್ನ ಧರ್ಮಪತ್ನಿ. ಈಕೆಯ ಹೊರತು ನನಗೆ ಬೇರೆ ಹೆಂಡತಿ ಇಲ್ಲ.” ಕೆಳಗೆ ಸಹಿ, ಬಿಲ್ಲೆಯ ನಂಬರು. ಲೋಕಾಪುರದ ನಿಮ್ಮ ರೇಷನ್ ಕಾರ್ಡಿನಲ್ಲಿ ಹೆಂಡತಿ ಎಂದು ಲಗಮವ್ವನ ಹೆಸರಿದೆ. ಅದರ ನಕಲೂ ನನ್ನ ಹತ್ತಿರ ಇದೆ. ಲಗಮವ್ವನ ಮೇಲೆ ಸಿಟ್ಟಾಗಬೇಡಿ, ಅವಳು ಕೊಟ್ಟದ್ದಲ್ಲ. ನಾಗರ ಪಂಚಮಿಗೆ ನಿಮ್ಮ ತಾಯಿ ಉಂಡಿ ಕಟ್ಟಿಕೊಂಡು ನಿಮ್ಮಲ್ಲಿಗೆ ಬಂದು ನಾಲ್ಕು ದಿನ ಇದ್ದು ಹೋದರಲ್ಲ, ಆಗ ಗಂಟಿನಲ್ಲಿ ಕಾರ್ಡು ಇಲ್ಲಿಗೆ ತಂದರು, ಅಮಾವಾಸ್ಯೆಗೆ ಮತ್ತೆ ಅಲ್ಲಿಗೆ ಬಂದು ಇದ್ದಲ್ಲೇ ಇಟ್ಟರು. ಕಣ್ಣು ಒರೆಸಿಕೊಂಡು ಅವರು ಆಡಿದ ಮಾತು ಅದೇ: “ತಾಳವಾ, ನಾ ಒಂದ್ಸಲ ಲೋಕಾಪುರಕ್ಕ ಹೋಗಿ ಬರ್ತೀನಿ.”

ನಿಮ್ಮ ಹಿಂದಿನ ನಾಲ್ಕು ಕಾಗದಗಳನ್ನು ಪದ್ಮವ್ವನವರು ನನಗೆ ಮರಳಿ ಕೊಟ್ಟಿದ್ದಾರೆ. ಈ ವರ್ಷದ್ದೂ ಸೇರಿ ಐದೂ ಈಗ ಜಮಖಂಡಿಯಲ್ಲಿ ಒಬ್ಬ ವಕೀಲರ ಕಪಾಟಿನಲ್ಲಿವೆ. ನಮ್ಮ ತೋಟದ ವೇಷದ ನಿಯಮ ಸಡಿಲಾಯಿತು. ನಿಮ್ಮ ಖಾಕಿಯ ನಿಯಮ ಸಡಿಲಾಗಿಲ್ಲ, ಇಬ್ಬರನ್ನು ಕಟ್ಟಿಕೊಂಡವನಿಗೆ ಆ ಅಂಗಿ ಉಳಿಯುವುದಿಲ್ಲ ಎಂದು ವಕೀಲರು ಹೇಳಿದರು.

ಈ ವರ್ಷ ನನಗೆ ಒಂದೇ ಬೇಕು. ‘ಮಾದೇವಿಯ ಮದುವೆಯ ಮಾತು ನಾನು ಎಂದೂ ಎತ್ತುವುದಿಲ್ಲ’ ಎಂದು ಬರೆದು, ಸಹಿ ಮಾಡಿ, ದೀಪಾವಳಿಯ ಒಳಗೆ ಖುದ್ದಾಗಿ ತಂದುಕೊಡಿ. ಬರುವ ವರ್ಷ ಏನು ಬೇಕು ಎಂಬುದನ್ನು ಮಹಾನವಮಿ ಅಮಾವಾಸ್ಯೆಗೆ ತಿಳಿಸುತ್ತೇನೆ.