ಹತ್ತು ಬೆರಳು, ಒಂದು ಸೂಜಿ

ಜಿಂಜು, ಮೇ ೨೦

ಪ್ರೀತಿಯ ಹೇರಿನ್ ಅಕ್ಕ,

ಈ ಕಾಗದ ಬರೆಯುತ್ತಿರುವುದಕ್ಕೇ ಮೊದಲು ಕ್ಷಮಿಸಿಬಿಡು. ಆಸ್ಪತ್ರೆಯಲ್ಲಿ ಎರಡು ದಿನ ನಿನ್ನ ಪಕ್ಕದಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ. ನೀನು ಸಿಯೋಲ್ ಬಸ್ಸು ಹತ್ತಿದ ಮೇಲೆ ಹಾಸ್ಟೆಲಿಗೆ ಬಂದು ಬರೆಯುತ್ತಿದ್ದೇನೆ. ಶನಿವಾರ ಅಮ್ಮ ಇಂಗ್ಲೆಂಡಿನಿಂದ ಬರುವ ಮೊದಲು ನಿನಗೊಂದು ಮಾತು ಹೇಳಲೇಬೇಕು.

ಅಜ್ಜಿ ಇವತ್ತು ಎಡಗೈಯಲ್ಲಿ ಚಮಚ ಹಿಡಿದು ಗಂಜಿ ಕುಡಿದರು. ಬಲಗೈ ಏಳಲಿಲ್ಲ, ಮಾತೂ ಬರಲಿಲ್ಲ. ಪಾರ್ಶ್ವವಾಯುವಿನಿಂದ ಬಂದ ಮಿದುಳಿನ ಬಾವು ಇಳಿದರೆ ಎಷ್ಟು ಮರಳುತ್ತದೆ ಎಂದು ಡಾಕ್ಟರನ್ನು ಕೇಳಿದೆ. "ಫಸ್ಟ್ ಇಯರ್ ಮೆಡಿಕಲ್ಲಾ? ನಂಗೂ ನಿನ್ನಷ್ಟೇ ಗೊತ್ತಮ್ಮ. ಕಾಯ್ಬೇಕು" ಅಂದರು. ಮಾವ ಮಾತ್ರ ಬಂದವರಿಗೆಲ್ಲ, "ನಮ್ ಡಾಕ್ಟರಮ್ಮ ಪಕ್ಕದಲ್ಲೇ ಇದ್ಲು, ಅದಕ್ಕೇ ಅಮ್ಮ ಉಳ್ಕೊಂಡ್ರು" ಎನ್ನುತ್ತಾರೆ. ಕೇಳಿದಾಗಲೆಲ್ಲ ನೀರು ತರುವ ನೆಪದಲ್ಲಿ ಎದ್ದು ಹೊರಗೆ ಹೋಗುತ್ತೇನೆ.

ಹೋದ ವಾರ ತರಗತಿಯಲ್ಲಿ ನಮ್ಮ ಪ್ರೊಫೆಸರ್, "ರಕ್ತ ಸಿಗದ ಜೀವಕೋಶ ಒಣಗಿ ಸಾಯುತ್ತೆ ಅಂತ ಬರೆದೋರು ಮುಂದಿನ ವರ್ಷ ಮತ್ತೆ ಸಿಗಿ" ಅಂದರು. ಎಲ್ಲರೂ ನಕ್ಕರು. ಅದು ಉಬ್ಬಿ ಸಾಯುತ್ತದೆ, ಅಕ್ಕ. ಉಪ್ಪನ್ನು ಹೊರಗೆ ತಳ್ಳುವ ಶಕ್ತಿ ಹೋಗುತ್ತದೆ. ಉಪ್ಪು ಒಳಗೆ ಬರುತ್ತದೆ, ಅದರ ಹಿಂದೆಯೇ ನೀರು. ಸ್ವಲ್ಪ ಉಬ್ಬಿದ್ದರೆ, ರಕ್ತ ಮತ್ತೆ ಹರಿದಾಗ ಚೇತರಿಸಿಕೊಳ್ಳಬಹುದು. ಪೊರೆ ಒಡೆದರೆ ಮುಗಿಯಿತು. ಆ ಗೆರೆ ಎಷ್ಟನೇ ನಿಮಿಷಕ್ಕೆ ಎಂದು ಪುಸ್ತಕವೆಲ್ಲ ಹುಡುಕಿದೆ, ಸಿಗಲಿಲ್ಲ.

ಆ ಭಾನುವಾರ ಅಜ್ಜಿ ಅಕ್ಕಿಹಿಟ್ಟಿನ ಕಡುಬು ತಿಂದು, ಎದೆ ಹಿಡಿದ ಹಾಗಿದೆ, ಕೈ ಜೋಮು ಹಿಡಿದಿದೆ ಅಂದರು. ಕೈಯಿಂದ ಊಟದ ಕಡ್ಡಿ ಜಾರಿತು. ನಾನು ಫೋನ್ ಎತ್ತಿಕೊಂಡೆ. "ಅಜೀರ್ಣ ಕಣೇ. ನಿಮ್ಮಪ್ಪನ ಹಾಗೆ ಗಾಬರಿ ಬೀಳ್ಬೇಡ. ಸೂಜಿ ತಾ, ಬೆರಳು ಚುಚ್ಚಿ ಕೆಟ್ಟ ರಕ್ತ ತೆಗೆದ್ರೆ ಸರಿಹೋಗುತ್ತೆ. ನೀನು ನಮ್ಮ ಮೊಮ್ಮಗಳೋ ಬಿಳಿಯರ ಮೊಮ್ಮಗಳೋ ನೋಡೇಬಿಡ್ತೀನಿ" ಅಂತ ನಕ್ಕರು. ಬಿಳಿಯ ಅಪ್ಪನ ಮಗಳೆಂದು ಶಾಲೆಯ ಹಾಸ್ಟೆಲಿನಲ್ಲಿ ಆರು ವರ್ಷ 'ಅರ್ಧ' ಅನ್ನಿಸಿಕೊಂಡವಳು ನಾನು. ಅವರ ಹೆಬ್ಬೆರಳಿಗೆ ದಾರ ಬಿಗಿದು, ಉಗುರಿನ ಬುಡದಲ್ಲಿ ಚುಚ್ಚಿದೆ. "ನೋಡು, ಎಷ್ಟು ಕಪ್ಪಗಿದೆ. ಕೆಟ್ಟದ್ದೆಲ್ಲ ಹೋಯ್ತು" ಅಂದರು. ದಾರ ಬಿಗಿದರೆ ಯಾರ ರಕ್ತವಾದರೂ ಕಪ್ಪಗೇ ಇರುತ್ತದೆ. ಹತ್ತೂ ಬೆರಳಿಗೆ ಚುಚ್ಚಿದೆ. ಅವರು ನನ್ನ ತಲೆ ಸವರಿದರು. ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ತಪ್ಪು ಸೂಜಿಯದೋ, ನನ್ನದೋ, ಯಾರದೂ ಅಲ್ಲವೋ ಗೊತ್ತಾಗುತ್ತಿಲ್ಲ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಅಜ್ಜಿಗೆ ಮಾತು ಬಂದಿದ್ದರೆ ನಿನಗೆ ಅದನ್ನೇ ಹೇಳಿ ಹರಸುತ್ತಿದ್ದರು.

ನಿನ್ನ ತಂಗಿ,
ಬೊಮಿ

ಮರೆತ ಮಾತು: ಮರೆತದ್ದಲ್ಲ. ಯಾವಾಗ ಶುರುವಾಯಿತು ಎಂದು ಆಸ್ಪತ್ರೆಯಲ್ಲಿ ಕೇಳಿದಾಗ ಒಂದೂವರೆ ಅಂದೆ. ಅದು ನಾನು ಆಂಬುಲೆನ್ಸ್ ಕರೆದ ಹೊತ್ತು. ಕಡ್ಡಿ ಜಾರಿದ್ದು ಹನ್ನೊಂದಕ್ಕೆ. ನಡುವೆ ಅಜ್ಜಿ, ಹಗುರಾಯಿತು ಅಂತ ಮಲಗಿದ್ದರು. ನಾನು ಪಕ್ಕದಲ್ಲೇ ಕೂತು ಪರೀಕ್ಷೆಗೆ ಓದುತ್ತಿದ್ದೆ. ಎದ್ದಾಗ ಅವರಿಗೆ ಮಾತು ಹೊರಡಲಿಲ್ಲ, ಆಗ ಕರೆದೆ. ನನ್ನ ಮಾತು ನಂಬಿ, ನಾಲ್ಕು ಗಂಟೆಗೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಮದ್ದು ಕೊಟ್ಟರು. ನಿಜ ಹೇಳಿದ್ದರೆ ಕೊಡುತ್ತಿರಲಿಲ್ಲವಂತೆ. ಶುರುವಾಗಿ ನಾಲ್ಕೂವರೆ ತಾಸು ಮೀರಿದರೆ ಅದು ಕೇಡು ಮಾಡಬಹುದಂತೆ. ಅದರಿಂದ ಉಳಿದರೋ, ಅದರಿಂದಲೇ ಹೀಗಾದರೋ? ಅಮ್ಮ ಬಂದವರೇ ಕೇಳುವುದು, ಯಾವಾಗ ಶುರುವಾಯಿತು ಎಂದೇ. ಏನು ಹೇಳಲಿ? ಶುಕ್ರವಾರದೊಳಗೆ ಉತ್ತರ ಕೊಡು.